ಟಾಕೀಸಿನಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ

ಪಾಲ್ಮಾರೆಸ್
ಫೆಬ್ರವರಿ 9

ಮಗಳೇ ಸಿನಿಯಾ,

ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ನನ್ನ ಕಿವಿಗೆ ಬೀಳುವುದಿಲ್ಲ. ಬಿದ್ದ ಅರ್ಧದಲ್ಲೂ "ಆಮೇಲೆ ಮಾತಾಡ್ತೀನಮ್ಮ" ಎನ್ನುವುದೇ ಹೆಚ್ಚು. ಅದಕ್ಕೇ ಈ ಪತ್ರ. ಕೊಬ್ಬರಿ ಮಿಠಾಯಿಯ ಡಬ್ಬಿಯಲ್ಲಿಟ್ಟು ಮಧ್ಯಾಹ್ನದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ಸಾನ್ ಹೋಸೆ ನಿಲ್ದಾಣಕ್ಕೆ ಹೋಗಿ ತೆಗೆದುಕೊ. ಮಿಠಾಯಿ ತಿನ್ನುವ ಮೊದಲು ಪತ್ರ ಓದು.

ಹಿಂದಿನ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಯಾರಿಗೆ ಎಂದು ಕೇಳಿ ಎದೆ ಹಿಡಿದುಕೊಳ್ಳಬೇಡ. ನಿಕಾರಾಗ್ವಾದ ಹೆಂಗಸಿಗೆ. ಹೆಸರು ಮಾರ್ಬೆಲಿ, ಮಸಾಯಾ ಊರಿನವಳು, ನಲವತ್ತರ ಆಸುಪಾಸು. ಕಾಫಿ ಕೊಯ್ಲಿಗೆಂದು ಬಂದವರ ಜೊತೆ ತೋಟದ ಶೆಡ್ಡಿನಲ್ಲಿದ್ದಳಂತೆ. ಕೊಯ್ಲು ಮುಗಿಯಿತು, ಉಳಿದವರೆಲ್ಲ ಊರಿಗೆ ಹೋದರು, ಇವಳು ಹೋಗಲಿಲ್ಲ. ಹೋಗಲಾರೆ ಎಂದಳು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಅರ್ಜಿ ಹಾಕಿದೀನಿ ಅಮ್ಮಾವ್ರೆ, ಆಶ್ರಯ ಕೊಡಿ ಅಂತ. ಕರೆ ಬರೋವರೆಗೂ ಕಾಯ್ಬೇಕು" ಎಂದಳು.

ಆಶ್ರಯದ ಅರ್ಜಿ ನೋಡುವ ನಿನ್ನ ಕಚೇರಿಯಲ್ಲಿ ನೀನು ದಿನಾ ಇಂಥವರನ್ನು ಕಾಣುತ್ತೀಯ. ನಾನು ನೋಡುತ್ತಿರುವುದು ಇದೇ ಮೊದಲು, ಹಾಗಾಗಿ ನನ್ನ ತಲೆ ತುಂಬ ಪ್ರಶ್ನೆಗಳು. ಅವಳು ತಂದ ಸಾಮಾನು ಏನು ಗೊತ್ತೇ? ಒಂದು ಬಟ್ಟೆಯ ಗಂಟು, ಮತ್ತೆ ಒಂದು ಅಲ್ಯೂಮಿನಿಯಂ ಹಂಡೆ. ಹಂಡೆ ಎಂದರೆ ಅದರೊಳಗೆ ನೀನು ಕೂರಬಹುದು, ಅಷ್ಟು ದೊಡ್ಡದು. ತಳ ಕರ್ರಗೆ, ಕಿವಿ ಒಂದು ಮುರಿದಿದೆ. ಜೀವ ಉಳಿಸಿಕೊಳ್ಳಲು ಓಡುವವಳು ಮಗುವಿನ ಫೋಟೋ ತರುತ್ತಾಳೆ, ಒಡವೆ ತರುತ್ತಾಳೆ. ಇಷ್ಟು ದೊಡ್ಡ ಹಂಡೆಯನ್ನು ಗಡಿ ದಾಟಿಸಿ ತರುವವಳು ಎಂಥವಳು? ಮೂರು ದಿನದಿಂದ ಇದೇ ಯೋಚನೆ ನನಗೆ. ಕೇಳೋಣವೆಂದರೆ ಬಾಯಿ ಬರುವುದಿಲ್ಲ.

ಅರ್ಜಿಯಲ್ಲಿರುವ ಹಳೆಯ ವಿಳಾಸ ಬದಲಿಸಬೇಕು, ಈಗ ಯಾವುದನ್ನು ಬರೆಯಲಿ ಎಂದು ಕೇಳಿದಳು. ನಮ್ಮ ಮನೆಯದನ್ನೇ ಬರೆಸಿದೆ: ಹಳೇ ಟಾಕೀಸಿನಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ, ಹಸಿರು ಗೇಟು. ತಪ್ಪೇನೂ ಇಲ್ಲವಲ್ಲ?

ನಿನ್ನ ತಾಯಿ,
ಓದಿಲಿಯಾ

*

ಸಾನ್ ಹೋಸೆ
ಫೆಬ್ರವರಿ 21

ಅಮ್ಮ,

ಮಿಠಾಯಿ ಸಿಕ್ಕಿತು, ಕಚೇರಿಯವರೆಲ್ಲ ತಿಂದರು. ಪತ್ರವನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಬಾಡಿಗೆಗೆ ಕೊಟ್ಟದ್ದು ತಪ್ಪಲ್ಲ. ಆದರೆ ಆಕೆಯ ಅರ್ಜಿಯ ಬಗ್ಗೆ ನನಗೆ ಏನನ್ನೂ ಬರೆಯಬೇಡ, ನನ್ನಿಂದ ಏನನ್ನೂ ಕೇಳಬೇಡ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಆಕೆಗೆ ಹೇಳಲೂಬೇಡ. ಹೇಳಿದರೆ ನಾಳೆ ನಿನ್ನ ಕಾಫಿಯ ಲೋಟವನ್ನು ಆಕೆ ತೊಳೆದಿಟ್ಟರೂ ಅದು ನನಗೆ ಕೊಟ್ಟ ಲಂಚವಾಗುತ್ತದೆ. ಇದು ನಿಯಮ.

ಹಂಡೆ ತರುವವಳು ಎಂಥವಳು ಎಂದು ಕೇಳಿದ್ದೀಯ. ಏಳು ವರ್ಷದಿಂದ ದಿನಕ್ಕೆ ಆರು ಜನರ ಕಥೆ ಕೇಳುತ್ತಿದ್ದೇನೆ. ಅತ್ತರೆ ನಾಟಕ ಎನ್ನುತ್ತಾರೆ ಇಲ್ಲಿನವರು, ಅಳದಿದ್ದರೆ ಸುಳ್ಳು ಎನ್ನುತ್ತಾರೆ. ಒಬ್ಬಾಕೆ ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದಳು. ಬಾಗಿಲಲ್ಲಿದ್ದ ಕಾವಲುಗಾರ ನನ್ನ ಕಿವಿಯಲ್ಲಿ, "ಇವ್ಳನ್ನ ನೋಡಿದ್ರೆ ಹೆದರಿ ಓಡ್ಬಂದ ಹಾಗೆ ಇದೆಯಾ ಮೇಡಂ?" ಎಂದ. ಹೆದರಿದವರು ಹೇಗಿರಬೇಕು ಎಂದು ಇವರೆಲ್ಲ ಎಲ್ಲಿ ಕಲಿತರೋ. ಒಮ್ಮೊಮ್ಮೆ ನನಗೂ ಹಾಗೇ ಅನ್ನಿಸಿಬಿಡುತ್ತದೆ.

ಈ ತಿಂಗಳು ಬರಲಾಗದು. ರಾಶಿ ಕಡತಗಳಿವೆ.

ಸಿನಿಯಾ

*

ಪಾಲ್ಮಾರೆಸ್
ಮಾರ್ಚ್ 19

ಮಗಳೇ,

ಅರ್ಜಿಯ ಬಗ್ಗೆ ಬರೆಯಬೇಡ ಎಂದೆ, ಬರೆಯುವುದಿಲ್ಲ. ದೀಪದ ಬಗ್ಗೆ ಬರೆಯಬಹುದಷ್ಟೆ? ದೀಪಕ್ಕೆ ನಿಮ್ಮ ಕಚೇರಿಯಲ್ಲಿ ನಿಯಮವಿಲ್ಲ ಎಂದುಕೊಂಡಿದ್ದೇನೆ.

ಹೋದ ತಿಂಗಳ ಕೊನೆಯ ಶನಿವಾರ ಸಂಜೆ ಚರ್ಚಿನಿಂದ ಬರುತ್ತೇನೆ, ನಮ್ಮ ಹಸಿರು ಗೇಟಿಗೆ ಕೆಂಪು ದೀಪ ತೂಗುತ್ತಿದೆ. ಕೆಂಪು ಎಂದರೆ ಕೆಂಪು. ಎದುರು ಮನೆಯ ಕಿಟಕಿಗಳಲ್ಲಿ ಒಂದೊಂದು ತಲೆ. ನಾನು ಗೇಟು ತೆರೆಯುವಷ್ಟರಲ್ಲಿ ಬಡಾವಣೆ ಸಂಘದ ಅಧ್ಯಕ್ಷ ದೋನ್ ಎಲಾದಿಯೊ ಹ್ಯಾಟು ಸರಿಮಾಡಿಕೊಳ್ಳುತ್ತ ಬಂದೇಬಿಟ್ಟ.

"ಏನ್ರೀ ದೋನ್ಯಾ ಓದಿಲಿಯಾ ಇದು? ಮರ್ಯಾದಸ್ಥರ ಬೀದೀಲಿ ಕೆಂಪು ದೀಪ?"

"ದೀಪ ಕೆಂಪಗಿದ್ರೆ ನಿಮಗೇನ್ರೀ?"

"ನನಗೇನಿಲ್ಲ. ನಿಮ್ಮ ಯಜಮಾನ್ರು ಇದ್ದಿದ್ರೆ ಏನಂತಿದ್ರು ಅಂತ."

"ಅವ್ರಿದ್ದಿದ್ರೆ ಒಳಗೆ ಹೋಗಿ ನೋಡ್ಬಿಟ್ಟು ಬರ್ತಿದ್ರು. ನೀವೂ ಬನ್ನಿ, ನೋಡಿ."

ಒಳಗೆ ಏನಿತ್ತು ಗೊತ್ತೇ? ಆ ಹಂಡೆ ಒಲೆಯ ಮೇಲೆ ಕೂತು ಕುದಿಯುತ್ತಿತ್ತು. ಅದರೊಳಗೆ ಬಾಳೆಲೆಯಲ್ಲಿ ಕಟ್ಟಿದ ಐವತ್ತು ನಕಾತಮಾಲ್. ಮೆಕ್ಕೆಜೋಳದ ಹಿಟ್ಟು, ಹಂದಿಯ ಮಾಂಸ, ಸ್ವಲ್ಪ ಅಕ್ಕಿ, ಪುದೀನ. ಒಂದೊಂದು ಕಡುಬೂ ನನ್ನ ಎರಡು ಅಂಗೈ ಅಗಲ. ಅವರ ಊರಿನಲ್ಲಿ ಶನಿವಾರ ಕಡುಬು ಬೆಂದರೆ ಬಾಗಿಲಿಗೆ ಕೆಂಪು ದೀಪ ಇಡುತ್ತಾರಂತೆ, ಬಿಸಿ ಇದೆ ಬನ್ನಿ ಎಂದು. ಊರಿಗೆ ಊರೇ ಆ ದೀಪ ನೋಡಿ ತಟ್ಟೆ ಹಿಡಿದು ಬರುತ್ತದಂತೆ. ಇಲ್ಲಿ ಊರಿಗೆ ಊರೇ ಕಿಟಕಿಯಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡಿತು. ಮಾರ್ಬೆಲಿಗೆ ವಿಷಯ ತಿಳಿಸಿದೆ. ಅವಳು ಮುಖ ಮುಚ್ಚಿಕೊಂಡು ಒಲೆಯ ಮುಂದೆ ಕೂತುಬಿಟ್ಟಳು. ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗುತ್ತಿದ್ದಳು. ನಾನೂ ನಕ್ಕೆ. ನಿನ್ನ ಅಪ್ಪ ಹೋದ ಮೇಲೆ ಆ ಅಡುಗೆಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ಎಲಾದಿಯೊ ನಗಲಿಲ್ಲ. ನಿಂತೇ ಒಂದು ಕಡುಬು ತಿಂದ. "ನಮ್ಮ ತಮಾಲ್ ಥರ ಇಲ್ಲ" ಎಂದು ಹೇಳಿ ಎರಡು ಕಟ್ಟಿಸಿಕೊಂಡು ಹೋದ. ಹೋದವನು ಸೋಮವಾರ ಗೆರೆ ಹಾಕಿದ ನೋಟುಪುಸ್ತಕ ಹಿಡಿದು ಮನೆಮನೆ ತಿರುಗಿದ. ಈ ಬಡಾವಣೆಯಲ್ಲಿ ನಿಕಾರಾಗ್ವಾದವರಿಗೆ, ಅವನ ಬಾಯಲ್ಲಿ ನಿಕಾಗಳಿಗೆ, ಮನೆ ಬಾಡಿಗೆ ಕೊಡಬಾರದು ಎಂದು ಪುರಸಭೆಗೆ ಮನವಿ. ಇಪ್ಪತ್ತಾರು ಸಹಿ. ನನ್ನ ಹತ್ತಿರವೂ ಬಂದ, ಮಹಾರಾಯ.

"ಆಸ್ಪತ್ರೆ ಸಾಲಲ್ಲಿ ನೋಡಿ, ಯಾವಾಗ್ಲೂ ಅವ್ರೇ ಮುಂದೆ."

"ಅವ್ರು ಬೆಳಿಗ್ಗೆ ಐದಕ್ಕೆ ಹೋಗಿ ನಿಲ್ತಾರೆ. ನೀವು ತಿಂಡಿ ಮುಗಿಸ್ಕೊಂಡು ಒಂಬತ್ತಕ್ಕೆ ಹೋಗ್ತೀರಿ."

ಸಹಿ ಮಾಡಲಿಲ್ಲ. ಆದರೆ ನಿನಗೆ ನಿಜ ಹೇಳಬೇಕು. ಇವಳನ್ನು ಕಾಣುವ ಮೊದಲು ಅವನು ಬಂದಿದ್ದರೆ ಮಾಡುತ್ತಿದ್ದೆ.

ಹಂಡೆಯ ವಿಷಯ ಕೊನೆಗೂ ಕೇಳಿದೆ. ಅವರ ಊರಿನಲ್ಲಿ ಸರ್ಕಾರದ ವಿರುದ್ಧ ಗಲಾಟೆ ನಡೆದಾಗ ಬೀದಿಗೆ ಅಡ್ಡಗಟ್ಟಿ ನಿಂತ ವಿದ್ಯಾರ್ಥಿಗಳಿಗೆ ಇವಳು ಅದೇ ಹಂಡೆಯಲ್ಲಿ ಬೇಯಿಸಿ ಕಳಿಸುತ್ತಿದ್ದಳಂತೆ. ಹದಿನಾಲ್ಕು ದಿನ. ಆಮೇಲೆ ಇವಳ ಮನೆಯ ಗೋಡೆಗೆ ಯಾರೋ ಬಣ್ಣದಲ್ಲಿ ಗುರುತು ಹಾಕಿದರು. ತಮ್ಮನನ್ನು ಹಿಡಿದುಕೊಂಡು ಹೋದರು. ಅವನು ಇನ್ನೂ ಜೈಲಿನೊಳಗೇ ಇದ್ದಾನೆ. ಗಡಿಯಲ್ಲಿ ಹಂಡೆ ಹೊತ್ತವಳನ್ನು ಕಡುಬು ಮಾರುವವಳು ಎಂದುಕೊಂಡು ಯಾರೂ ತಡೆಯಲಿಲ್ಲವಂತೆ. ಅವಳನ್ನು ಓಡಿಸಿದ್ದೂ ಅದೇ, ದಾಟಿಸಿದ್ದೂ ಅದೇ.

ಓದಿಲಿಯಾ

*

ಪಾಲ್ಮಾರೆಸ್
ಮೇ 6

ಸಿನಿಯಾ,

ನಿನ್ನಿಂದ ಪತ್ರವಿಲ್ಲ. ಇರಲಿ, ರಾಶಿ ಕಡತಗಳಿರುತ್ತವೆ. ಈ ಸಲ ಮಿಠಾಯಿ ಗಟ್ಟಿಯಾಗಿದೆ, ಹಲ್ಲು ನೋಡಿಕೊ.

ಗುರುವಾರ ಮೋಟಾರುಬೈಕಿನ ಮೇಲೆ ಒಬ್ಬ ಬಂದಿದ್ದ. ಹೆಲ್ಮೆಟ್ಟು ತೆಗೆಯಲಿಲ್ಲ. ಕೈಯಲ್ಲಿ ಕಡತ, ಎದೆಗೆ ಸರ್ಕಾರದ ಚೀಟಿ. ಮಾತಿನ ಧಾಟಿ ನೋಡಿದರೆ ಕಡಲ ಕಡೆಯವನು. "ಅಜ್ಜಿ, ಹಳೇ ಟಾಕೀಸು ಎಲ್ಲಿ? ಮಾರ್ಬೆಲಿ ಅನ್ನೋರು ಇಲ್ಲಿದಾರಾ?" ಎಂದ. ಎಲಾದಿಯೊನ ಮನವಿ ಕೆಲಸ ಮಾಡಿದೆ, ಇವಳನ್ನು ಎತ್ತಿಕೊಂಡು ಹೋಗಲು ಬಂದಿದ್ದಾನೆ ಎಂದುಕೊಂಡೆ. ಅವಳು ಒಳಗೆ ಬಾಳೆಲೆ ಬಾಡಿಸುತ್ತಿದ್ದಳು.

ನಾನು ಗೇಟಿಗೆ ಅಡ್ಡ ನಿಂತು ಹೇಳಿದೆ, "ಯಾವ ಟಾಕೀಸಪ್ಪಾ? ಕಣ್ಣಾರೆ ನೋಡು, ಇಲ್ಲೆಲ್ಲಾದ್ರೂ ಟಾಕೀಸು ಇದೆಯಾ? ಆ ಹೆಸರಿನವ್ರೂ ಯಾರೂ ಇಲ್ಲ." ಅವನು ಸುತ್ತ ನೋಡಿದ. ನಿಜ ತಾನೇ? ಟಾಕೀಸು ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ, ಭೂಕಂಪ ಆದ ವರ್ಷವೇ ಕೆಡವಿದರಲ್ಲ. ಅವನು ಏನೋ ಬರೆದುಕೊಂಡು ಹೋದ.

ಎಂಥ ತಾಯಿ ನಿನಗೆ, ನೋಡು. ಅರವತ್ತೊಂಬತ್ತರಲ್ಲಿ ಸರ್ಕಾರಕ್ಕೇ ಮಣ್ಣುಮುಕ್ಕಿಸಿದೆ. ಮಾರ್ಬೆಲಿಗೆ ಹೇಳಿಲ್ಲ, ಸುಮ್ಮನೆ ಹೆದರುತ್ತಾಳೆ.

ಓದಿಲಿಯಾ

*

ಸಾನ್ ಹೋಸೆ
ಜೂನ್ 29

ಅಮ್ಮ,

ಈ ಪತ್ರವನ್ನು ಎರಡು ಸಲ ಓದು.

ಮೊನ್ನೆ ಮಂಗಳವಾರ ನನ್ನ ಮೇಜಿಗೆ ಮುಚ್ಚಬೇಕಾದ ಕಡತಗಳ ಕಟ್ಟು ಬಂತು. ಸಂದರ್ಶನಕ್ಕೆ ಕರೆದರೂ ಬಾರದವರು, ವಿಳಾಸದಲ್ಲಿ ಸಿಗದವರು. ಇಂಥವು ವಾರಕ್ಕೆ ನಲವತ್ತು ಬರುತ್ತವೆ. ನಾವು ಮೊದಲ ಪುಟ ನೋಡುತ್ತೇವೆ, ಸಹಿ ಹಾಕುತ್ತೇವೆ. ಹದಿನೇಳನೆಯದಕ್ಕೆ ಸಹಿ ಹಾಕಿ ಕೆಳಗಿಟ್ಟೆ. ಹದಿನೆಂಟನೆಯದನ್ನು ತೆಗೆದುಕೊಂಡ ಮೇಲೆ ಏನೋ ಚುಚ್ಚಿದಂತಾಗಿ ಹಿಂದಿನದನ್ನು ಮತ್ತೆ ತೆರೆದೆ. ಅದರಲ್ಲಿ ಹೀಗಿತ್ತು: "ಹಳೇ ಟಾಕೀಸಿನಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ, ಹಸಿರು ಗೇಟು. ಈ ವಿಳಾಸ ಅಸ್ತಿತ್ವದಲ್ಲಿಲ್ಲ. ಸ್ಥಳೀಯ ವೃದ್ಧೆಯೊಬ್ಬರ ಹೇಳಿಕೆ ಪಡೆಯಲಾಗಿದೆ."

ನಾನು ಹುಟ್ಟಿದ ಮನೆ ಅಸ್ತಿತ್ವದಲ್ಲಿಲ್ಲ ಎಂಬುದಕ್ಕೆ ನಾನೇ ಸಹಿ ಹಾಕಿದ್ದೆ.

ಮನೆಗೆ ಬಂದು ಮಿಠಾಯಿಯ ಡಬ್ಬಿ ಹುಡುಕಿದೆ. ನಿನ್ನ ಮೇ ತಿಂಗಳ ಪತ್ರ ತಳದಲ್ಲೇ ಇತ್ತು, ಸಕ್ಕರೆ ಮೆತ್ತಿಕೊಂಡಿತ್ತು. ಮಿಠಾಯಿ ತಿಂದಿದ್ದೆ, ಪತ್ರ ತೆರೆದಿರಲಿಲ್ಲ. ಆಮೇಲೆ ಓದೋಣ ಎಂದುಕೊಂಡಿದ್ದೆ. ಆಗಲೇ ಓದಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಆ ಮೋಟಾರುಬೈಕಿನವನು ಯಾರನ್ನೂ ಹಿಡಿಯಲು ಬಂದಿರಲಿಲ್ಲ ಅಮ್ಮ. ಸಂದರ್ಶನದ ಕರೆ ತಂದಿದ್ದ. ಆಕೆ ಒಂದೂವರೆ ವರ್ಷದಿಂದ ಕಾಯುತ್ತಿದ್ದ ಕಾಗದ ಅದು. ಕಡತ ಮುಚ್ಚಿದರೆ ಆಕೆಗೆ ಇಲ್ಲಿ ಇರುವ ಹಕ್ಕು ಇಲ್ಲ. ಎಲ್ಲಿಗೆ ಕಳಿಸುತ್ತಾರೆಂದು ನಿನಗೆ ಗೊತ್ತು.

ನನ್ನ ಮೇಲಧಿಕಾರಿಗೆ ಎಲ್ಲ ಹೇಳಿದೆ. ಆ ಕಡತವನ್ನು ನನ್ನಿಂದ ತೆಗೆದುಕೊಂಡರು, ಅದು ಸರಿ. ನಮ್ಮ ಕಚೇರಿಯ ಗೋಡೆಗೆ ಅಂಟಿಸಿರುವುದನ್ನು ಮಾತ್ರ ನಾನು ನಿನಗೆ ತಿಳಿಸಬಹುದು ಎಂದರು. ಗೋಡೆಯ ಮೇಲಿರುವುದು ಇಷ್ಟು: ವಿಳಾಸ ಸಿಗಲಿಲ್ಲವೆಂದು ಮುಚ್ಚಿದ ಕಡತವನ್ನು ಹತ್ತು ದಿನದೊಳಗೆ ಮತ್ತೆ ತೆರೆಯಲು ಕೇಳಬಹುದು. ವಿಳಾಸ ನಿಜ ಎಂದು ಅಲ್ಲಿನ ನಿವಾಸಿಗಳು ಬರೆದುಕೊಡಬೇಕು. ತಪ್ಪು ಮಾಹಿತಿ ಕೊಟ್ಟವರು ಯಾಕೆ ಕೊಟ್ಟೆವೆಂದು ತಮ್ಮ ಹೆಸರು ಹಾಕಿ ಬರೆಯಬೇಕು.

ಎಷ್ಟು ನಿವಾಸಿಗಳು ಎಂದು ಬರೆದಿಲ್ಲ. ಒಬ್ಬರು ಸಾಲುವುದಿಲ್ಲ, ಅದರಲ್ಲೂ ಆಕೆಯಿಂದ ಬಾಡಿಗೆ ಪಡೆಯುವ ನೀನೊಬ್ಬಳು.

ಸಿನಿಯಾ

*

ಪಾಲ್ಮಾರೆಸ್
ಜುಲೈ 5

ಮಗಳೇ,

ಮೊದಲು ಒಂದು ಮಾತು. ಸ್ಥಳೀಯ ವೃದ್ಧೆ ಎಂದು ಬರೆದವನ ಹೆಸರು ನನಗೆ ಬೇಕು. ಉಳಿದದ್ದನ್ನೆಲ್ಲ ಒಪ್ಪಿಕೊಳ್ಳುತ್ತೇನೆ.

ನಿನ್ನ ಪತ್ರ ಎರಡಲ್ಲ, ನಾಲ್ಕು ಸಲ ಓದಿದೆ. ಆಮೇಲೆ ಹಿಂದಿನ ಕೋಣೆಗೆ ಹೋದೆ. ಮಾರ್ಬೆಲಿ ಎಲೆ ಒರೆಸುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ನೀನು ಎಲ್ಲಿ ಕೆಲಸ ಮಾಡುತ್ತೀಯ ಎಂಬುದನ್ನೂ ಹೇಳಬೇಕಾಯಿತು, ನಿನ್ನ ನಿಯಮ ಮುರಿದೆ. ಬೈಯುತ್ತಾಳೆ, ಹಂಡೆ ಎತ್ತಿಕೊಂಡು ಹೊರಟುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸುತ್ತಲೇ ಹೇಳಿದಳು:

"ನಮ್ಮೂರಲ್ಲಿ ನನ್ನ ಹುಡುಕ್ಕೊಂಡು ಬಂದಾಗ ಪಕ್ಕದ್ಮನೆ ಮುದುಕಿ ಬಾಗ್ಲಲ್ಲಿ ನಿಂತು ಹೀಗೇ ಅಂದಿದ್ಲು. ಅಂಥೋರು ಇಲ್ಲಿ ಯಾರೂ ಇಲ್ಲ ಅಂತ. ಅದ್ರಿಂದ್ಲೇ ನಾನು ಬದುಕಿದ್ದು ಅಮ್ಮಾವ್ರೆ. ನೀವೂ ಅದನ್ನೇ ಅಂದ್ರಿ. ನಿಮ್ಮ ಮೇಲೆ ಹೇಗೆ ಸಿಟ್ಟಾಗ್ಲಿ?"

ಸಿಟ್ಟಾಗಿದ್ದರೆ ಚೆನ್ನಾಗಿತ್ತು. ನಾನು ಹೊರಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ.

ಈಗ ಸಹಿ ಬೇಕಲ್ಲ. ಯಾರ ಹತ್ತಿರ ಹೋಗಲಿ? ಬೀದಿಯಲ್ಲಿರುವವರೆಲ್ಲ ಎಲಾದಿಯೊನ ಪುಸ್ತಕದಲ್ಲಿ ಅವಳ ವಿರುದ್ಧ ಸಹಿ ಮಾಡಿದವರು. ಎರಡು ಮನೆಯವರು ಬಾಗಿಲಲ್ಲೇ ಹೇಳಿದರು, "ನಿಮ್ಮ ಮೇಲೆ ಗೌರವ ಇದೆ, ಆದ್ರೆ ನಿಕಾ ವಿಷಯಕ್ಕೆ ನಮ್ಮನ್ನ ಎಳೀಬೇಡಿ." ಮೂರನೆಯವಳು ಮನೆಯಲ್ಲೇ ಇದ್ದು ಇಲ್ಲ ಎನ್ನಿಸಿದಳು. ಕೊನೆಗೆ ಎಲಾದಿಯೊನ ಹತ್ತಿರವೇ ಹೋದೆ. ಹೇಗಿದ್ದರೂ ಹುಲಿಯ ಬಾಯಿಗೇ ತಲೆ ಕೊಡೋಣ ಎಂದು. ಅವನು ಜಗುಲಿಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದ. ನಾನು ಮಾರ್ಬೆಲಿಯ ಹೆಸರೆತ್ತಿದ ಕೂಡಲೇ ಕೈ ಅಡ್ಡ ಹಿಡಿದ.

"ಅವ್ಳ ಮಾತು ಬೇಡ. ನನ್ನ ಅಭಿಪ್ರಾಯ ನಿಮಗೆ ಗೊತ್ತು."

"ಆಯ್ತು ಬಿಡಿ. ಆದ್ರೆ ಸಾನ್ ಹೋಸೆಯವ್ರು ನಮ್ಮೂರಲ್ಲಿ ಟಾಕೀಸೇ ಇಲ್ಲ ಅಂತ ಬರ್ಕೊಂಡಿದಾರೆ, ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಅವನು ರೇಡಿಯೊ ಆರಿಸಿದ. "ಏನಂದ್ರಿ?"

"ಟಾಕೀಸು ಅಸ್ತಿತ್ವದಲ್ಲಿಲ್ಲ ಅಂತ. ಸರ್ಕಾರಿ ಕಾಗದದಲ್ಲಿ."

"ಇಲ್ವಂತಾ? ಯಾವನ್ರೀ ಹೇಳಿದ್ದು? ಹನ್ನೊಂದು ವರ್ಷ ಅಲ್ಲಿ ಬಾಗ್ಲಲ್ಲಿ ನಿಂತು ಟಿಕೆಟ್ ಹರಿದಿದೀನಿ ನಾನು. ನನ್ನ ಹೆಂಡ್ತೀನ ನೋಡಿದ್ದೇ ಅಲ್ಲಿ, ಬಾಲ್ಕನಿ ಮೆಟ್ಟಿಲ ಮೇಲೆ. ಅವ್ರು ಇಲ್ಲ ಅಂದ್ಬಿಟ್ರೆ ಆಗೋಯ್ತಾ?"

ಮಗಳೇ, ಟಾಕೀಸು ಇಲ್ಲ ಎಂದವಳು ನಾನೇ ಎಂದು ಅವನಿಗೆ ಹೇಳಬೇಕಾಯಿತು. ಅವನು ನನ್ನನ್ನು ನೋಡಿದ ರೀತಿ ಸಾಯುವವರೆಗೆ ಮರೆಯುವುದಿಲ್ಲ. ನಿಕಾಗಳಿಗೆ ಮನೆ ಕೊಟ್ಟಾಗಲೂ ಹಾಗೆ ನೋಡಿರಲಿಲ್ಲ.

ಅವನು ಅದೇ ಗೆರೆ ಹಾಕಿದ ಪುಸ್ತಕ ತಂದ. ಹಳೆಯ ಮನವಿಯ ಹಾಳೆ ಮಡಿಸಿ ಮುಂದಿನ ಹಾಳೆಯಲ್ಲಿ ಬರೆದ: ಈ ಕೆಳಗೆ ಸಹಿ ಮಾಡಿದ ನಾವು, ಹಳೇ ಟಾಕೀಸು ಎಲ್ಲಿದೆಯೆಂದು ಚೆನ್ನಾಗಿ ಬಲ್ಲೆವು, ಅಲ್ಲಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ ಹಸಿರು ಗೇಟಿನ ಮನೆ ಇದೆ, ಅಲ್ಲಿ ಮಾರ್ಬೆಲಿ ಎಂಬಾಕೆ ವಾಸವಿದ್ದಾಳೆ. ಆಮೇಲೆ ಪೆನ್ನು ಕಚ್ಚಿ ಯೋಚಿಸಿ ಇನ್ನೊಂದು ಸಾಲು ಸೇರಿಸಿದ: "ಇದು ಆಕೆಗೆ ಬೆಂಬಲವಲ್ಲ, ಟಾಕೀಸಿನ ವಿಷಯ ಮಾತ್ರ."

ಒಂದೇ ಸಂಜೆಗೆ ಮೂವತ್ತೊಂದು ಸಹಿ. ಇಪ್ಪತ್ತಾರು ಹಳೆಯವೇ, ಅದೇ ಕೈಬರಹ. ಮನೆಯಲ್ಲಿ ಇಲ್ಲ ಎನ್ನಿಸಿದವಳು ತಾನೇ ಓಡಿಬಂದು ಸಹಿ ಮಾಡಿದಳು. ಒಬ್ಬ ತಾನು ಅಲ್ಲಿ ಮೊದಲು ನೋಡಿದ ಚಿತ್ರದ ಕಥೆಯನ್ನೆಲ್ಲ ಹೇಳಿ ಆಮೇಲೆ ಪೆನ್ನು ತೆಗೆದುಕೊಂಡ. ಇವರನ್ನು ಏನೆನ್ನಬೇಕು ಎಂದು ನನಗೆ ತಿಳಿಯುತ್ತಿಲ್ಲ. ಜೀವಂತ ಹೆಂಗಸಿಗೆ ಕೊಡದ ಸಹಿಯನ್ನು ಕೆಡವಿದ ಕಟ್ಟಡಕ್ಕೆ ಕೊಟ್ಟರು. ನೀನು ಓದಿದವಳು, ನಿನಗೆ ಗೊತ್ತಿದ್ದರೆ ಬರೆ.

ನನ್ನ ತಪ್ಪೊಪ್ಪಿಗೆಯನ್ನೂ ಬರೆದಿದ್ದೇನೆ. ಸುಳ್ಳು ಹೇಳಿದೆ, ಹೆದರಿ ಹೇಳಿದೆ, ಹೆಸರು ಓದಿಲಿಯಾ, ವಯಸ್ಸು ಅರವತ್ತೊಂಬತ್ತು. ನಾಳೆ ಬೆಳಿಗ್ಗೆಯ ಬಸ್ಸಿಗೆ ಮಾರ್ಬೆಲಿಯೇ ಎಲ್ಲ ತರುತ್ತಾಳೆ.

ಓದಿಲಿಯಾ

*

ಸಾನ್ ಹೋಸೆ
ಆಗಸ್ಟ್ 24

ಅಮ್ಮ,

ಕಡತ ತೆರೆದಿದ್ದಾರೆ, ಇದು ಆಕೆಗೆ ಕಾಗದದಲ್ಲಿ ಬಂದಿರುವುದರಿಂದ ನಾನು ಬರೆಯಬಹುದು. ಎಲಾದಿಯೊ ಮಾವನ ಕೊನೆಯ ಸಾಲನ್ನು ನಮ್ಮ ಮೇಲಧಿಕಾರಿ ಎಲ್ಲರಿಗೂ ಓದಿ ಹೇಳಿದರು. ಯಾರೂ ನಗಲಿಲ್ಲ. ಆಮೇಲೆ ಒಬ್ಬರು ನಕ್ಕರು, ಎಲ್ಲರೂ ನಕ್ಕೆವು.

ಸಂದರ್ಶನ ನಿನ್ನೆ ನಡೆಯಿತು. ಮಾಡಿದವರು ಬೇರೆಯವರು, ಒಳಗೆ ಏನಾಯಿತೆಂದು ನನಗೆ ಗೊತ್ತಿಲ್ಲ, ಗೊತ್ತಿರಲೂಬಾರದು. ನಾನು ನೋಡಿದ್ದು ಕಾರಿಡಾರಿನಲ್ಲಿ ಮಾತ್ರ. ಬೆಂಚಿನ ಮೇಲೆ ಒಬ್ಬ ಹೆಂಗಸು, ಪಕ್ಕದಲ್ಲಿ ಮುರಿದ ಕಿವಿಯ ದೊಡ್ಡ ಹಂಡೆ. ಪುರಾವೆ ತನ್ನಿ ಎಂದಿದ್ದಕ್ಕೆ ಹಂಡೆ ತಂದಿದ್ದಾಳೆ. ಕಾವಲುಗಾರ ನನ್ನ ಕಡೆ ನೋಡಿದ, ಈ ಸಲ ಏನೂ ಹೇಳಲಿಲ್ಲ. ಆಕೆಯೂ ನೋಡಿದಳು. ನನಗೆ ನಿನ್ನದೇ ಮೂಗು, ಗುರುತು ಸಿಕ್ಕಿರಬೇಕು. ನಾನು ಕುಡಿಯುವ ನೀರು ತುಂಬಿಸಿಕೊಂಡು ಒಳಗೆ ಹೋದೆ.

ತೀರ್ಮಾನಕ್ಕೆ ತಿಂಗಳುಗಳಾಗಬಹುದು, ವರ್ಷವೂ ಆಗಬಹುದು. ಇಲ್ಲ ಎಂದೂ ಹೇಳಬಹುದು ಅಮ್ಮ. ನೀವಿಬ್ಬರೂ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಈಗ ಮುಚ್ಚಬೇಕಾದ ಕಡತಗಳನ್ನು ನಾನು ಕೊನೆಯ ಪುಟದವರೆಗೆ ಓದುತ್ತೇನೆ. ವಾರಕ್ಕೆ ನಲವತ್ತು ಮುಗಿಯುತ್ತಿಲ್ಲ, ಬೈಸಿಕೊಳ್ಳುತ್ತಿದ್ದೇನೆ.

ಸಿನಿಯಾ

*

ಪಾಲ್ಮಾರೆಸ್
ನವೆಂಬರ್ 18

ಮಗಳೇ ಸಿನಿಯಾ,

ತೀರ್ಮಾನ ಇನ್ನೂ ಬಂದಿಲ್ಲ. ಮೋಟಾರುಬೈಕಿನ ಸದ್ದು ಕೇಳಿದರೆ ಸಾಕು, ನಾವಿಬ್ಬರೂ ಗೇಟಿಗೆ ಓಡುತ್ತೇವೆ, ಯಾರು ಮೊದಲು ಎಂದು. ಮೊನ್ನೆ ಪಿಜ್ಜಾದವನು ಹೆದರಿಕೊಂಡ.

ಎಲಾದಿಯೊ ಬದಲಾಗಿದ್ದಾನೆ ಎಂದು ತಿಳಿಯಬೇಡ. ಈಗಲೂ ಭಾನುವಾರ ಚರ್ಚಿನ ಮುಂದೆ ನಿಂತು, ಗಡಿ ಮುಚ್ಚಬೇಕು, ದೇಶ ತುಂಬಿಹೋಯಿತು ಎನ್ನುತ್ತಾನೆ. ಶನಿವಾರ ಮಾತ್ರ ನಾಲ್ಕು ಕಡುಬು ಕಟ್ಟಿಸಿಕೊಂಡು ಹೋಗುತ್ತಾನೆ. ಉಪ್ಪು ಕಮ್ಮಿ ಎಂದು ಪ್ರತಿ ಸಲ ಹೇಳುತ್ತಾನೆ.

ಈ ಪತ್ರ ಬರೆಯಲು ಕಾರಣ ಬೇರೆ. ನಿನ್ನೆ ಸಂಜೆ ಅವನ ಮನೆಗೆ ಪುಸ್ತಕ ಕೇಳಲು ಹೋಗಿದ್ದೆ. ಟಾಕೀಸಿನ ಸಹಿಗಳ ನಕಲು ಅದರಲ್ಲಿದೆ, ಇನ್ನೊಮ್ಮೆ ನೋಡಬೇಕೆನಿಸಿತ್ತು. ಅವನ ಅಡುಗೆ ಗ್ಯಾಸು ಮುಗಿದಿತ್ತು, ಸಿಲಿಂಡರಿಗೆ ಫೋನು ಮಾಡುತ್ತಿದ್ದ. ಜೋರಾಗಿ ಮಾತಾಡುತ್ತಾನೆ, ನನಗೂ ಕೇಳಿಸಿತು.

"ಹಳೇ ಟಾಕೀಸಿಂದ ನೂರಿಪ್ಪತ್ತೈದು ಮೀಟರ್ ದಕ್ಷಿಣಕ್ಕಪ್ಪಾ... ಟಾಕೀಸು ಗೊತ್ತಿಲ್ವಾ? ನಿನ್ನ ವಯಸ್ಸೆಷ್ಟು?... ಹೋಗ್ಲಿ ಬಿಡು. ಕೆಂಪು ದೀಪದ ಮನೆ ಗೊತ್ತಾ? ಶನಿವಾರ ನಿಕಾ ಕಡುಬು ಮಾಡ್ತಾಳಲ್ಲ, ಆ ಮನೆ... ಹಾಂ, ಅದೇ. ಅಲ್ಲಿಂದ ಎಪ್ಪತ್ತೈದು ಮೀಟರ್ ಉತ್ತರಕ್ಕೆ."

ಫೋನಿಟ್ಟು ನನ್ನ ಕಡೆ ತಿರುಗಿ, "ಈಗಿನ ಹುಡುಗ್ರಿಗೆ ಊರೇ ಗೊತ್ತಿಲ್ಲ ನೋಡಿ" ಎಂದ. ತಾನು ಏನು ಹೇಳಿದೆ ಎಂಬುದು ಅವನ ಗಮನಕ್ಕೇ ಬರಲಿಲ್ಲ. ನಾನೂ ಹೇಳಲಿಲ್ಲ. ಪುಸ್ತಕ ಕೇಳುವುದನ್ನೂ ಮರೆತೆ.

ಮನೆಗೆ ಬಂದು ಮಾರ್ಬೆಲಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಆಮೇಲೆ ಸ್ಟೂಲು ಹಾಕಿಕೊಂಡು ಗೇಟಿನ ದೀಪವನ್ನು ಇಳಿಸಿ ಗಾಜು ಒರೆಸಿ ಮತ್ತೆ ಹಾಕಿದಳು. ನಿಮ್ಮ ಕಚೇರಿ ನಾಳೆ ಇಲ್ಲ ಎಂದರೆ ನಾನೇನು ಮಾಡುತ್ತೇನೋ ಗೊತ್ತಿಲ್ಲ ಮಗಳೇ. ಆದರೆ ನಮ್ಮೂರು ನಿನಗೆ ಗೊತ್ತು. ಕೆಡವಿ ಮೂವತ್ತು ವರ್ಷವಾದ ಟಾಕೀಸನ್ನೇ ಇವರು ಇನ್ನೂ ಬಿಟ್ಟಿಲ್ಲ.

ಗ್ಯಾಸಿನವನು ಐದೇ ನಿಮಿಷಕ್ಕೆ ಬಂದನಂತೆ, ಯಾರನ್ನೂ ದಾರಿ ಕೇಳಲಿಲ್ಲವಂತೆ.

ನಿನ್ನ ತಾಯಿ,
ಓದಿಲಿಯಾ
ಕೆಂಪು ದೀಪ, ಹಸಿರು ಗೇಟು